ಬಾದಾಮಿಯ ಪಟ್ಟಿ, ಹುರುಳಿಯ ಲೆಕ್ಕ

ರಕ್ತಪರೀಕ್ಷೆಯ ಚೀಟಿಯಲ್ಲಿ ಹಿಮೋಗ್ಲೋಬಿನ್ ಒಂಬತ್ತು ಎಂದು ಬಂದರೆ ಸಾಕು, ಸಲಹೆಗಳು ಮನೆ ಬಾಗಿಲಿಗೇ ಬಂದು ನಿಲ್ಲುತ್ತವೆ. ದಾಳಿಂಬೆ ತಿನ್ನಿ, ಖರ್ಜೂರ ತಿನ್ನಿ, ರಾತ್ರಿ ನಾಲ್ಕು ಬಾದಾಮಿ ನೆನೆಹಾಕಿ ಬೆಳಗ್ಗೆ ಸಿಪ್ಪೆ ಸುಲಿದು ತಿನ್ನಿ, ದಿನಕ್ಕೊಂದು ಸೇಬು ಬಿಡಬೇಡಿ. ಪಕ್ಕದ ಮನೆಯವರು ಹೇಳುತ್ತಾರೆ, ಔಷಧಿ ಅಂಗಡಿಯವರು ಹೇಳುತ್ತಾರೆ, ವಾಟ್ಸ್‌ಆ್ಯಪ್ ಗುಂಪಿನಲ್ಲಿ ದೂರದ ಚಿಕ್ಕಮ್ಮ ವಿಡಿಯೊ ಸಮೇತ ಹೇಳುತ್ತಾರೆ. ಎಲ್ಲವನ್ನೂ ಕೇಳಿಸಿಕೊಂಡ ಗೃಹಿಣಿ ಮನಸ್ಸಿನಲ್ಲೇ ಕೂಡಿ ಕಳೆದು, ಇದೆಲ್ಲ ಉಳ್ಳವರ ಊಟ ಎಂದು ತೀರ್ಮಾನಿಸಿ ಎಂದಿನಂತೆ ಅನ್ನಕ್ಕಿಡುತ್ತಾರೆ. ಮಕ್ಕಳಿಗೆ ದಾಳಿಂಬೆ ಸಿಕ್ಕರೂ ಸಿಗಬಹುದು. ತಾಯಿಗಂತೂ ಸಿಗುವುದಿಲ್ಲ.

ಈ ಪಟ್ಟಿ ದುಬಾರಿ ಮಾತ್ರವಲ್ಲ, ತಪ್ಪೂ ಹೌದು. ರಾಷ್ಟ್ರೀಯ ಪೋಷಣಾ ಸಂಸ್ಥೆಯ 2017ರ ಆಹಾರ ಸಂಯೋಜನೆ ಕೋಷ್ಟಕದ ಪ್ರಕಾರ ನೂರು ಗ್ರಾಂ ದಾಳಿಂಬೆಯಲ್ಲಿ ಒಂದು ಮಿಲಿಗ್ರಾಂ ಕಬ್ಬಿಣಾಂಶವೂ ಇಲ್ಲ. ಅಷ್ಟೇ ತೂಕದ ಹುರುಳಿಕಾಳಿನಲ್ಲಿ ಎಂಟು ಮಿಲಿಗ್ರಾಂ ದಾಟುತ್ತದೆ. ಕೆಂಪಗಿರುವುದೆಲ್ಲ ರಕ್ತವಾಗುತ್ತದೆ ಎಂಬ ನಂಬಿಕೆಗೆ ನಾವು ಕೊಡುತ್ತಿರುವ ಬೆಲೆ ಸಣ್ಣದಲ್ಲ.

ಕರ್ನಾಟಕದ ಸ್ಥಿತಿ ನೋಡಿ. 2019–21ರ ಐದನೇ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯಂತೆ ರಾಜ್ಯದ 15ರಿಂದ 49 ವರ್ಷದ ಮಹಿಳೆಯರಲ್ಲಿ ಶೇ 47.8ರಷ್ಟು ಮಂದಿಗೆ ರಕ್ತಹೀನತೆ. ಐದು ವರ್ಷದೊಳಗಿನ ಮಕ್ಕಳಲ್ಲಿ ಶೇ 65.5. ಅದೇ ವಯಸ್ಸಿನ ಮಕ್ಕಳಲ್ಲಿ ಶೇ 35.4ರಷ್ಟು ಮಂದಿ ವಯಸ್ಸಿಗೆ ತಕ್ಕ ಎತ್ತರ ಬೆಳೆದಿಲ್ಲ. ಅದೇ ಸಮೀಕ್ಷೆಯ ಇನ್ನೊಂದು ಪುಟದಲ್ಲಿ ಶೇ 30ರಷ್ಟು ಮಹಿಳೆಯರ ತೂಕ ಇರಬೇಕಾದ್ದಕ್ಕಿಂತ ಹೆಚ್ಚು. ಇವು ಎರಡು ಬೇರೆ ಬೇರೆ ರಾಜ್ಯಗಳ ಕತೆಯಲ್ಲ, ಎಷ್ಟೋ ಸಲ ಒಂದೇ ಮನೆಯದು, ಒಮ್ಮೊಮ್ಮೆ ಒಂದೇ ದೇಹದ್ದು. ಹೊಟ್ಟೆ ತುಂಬುತ್ತಿದೆ, ಮೈಗೆ ಹತ್ತುತ್ತಿಲ್ಲ.

ಆರೋಗ್ಯದ ಊಟ ದುಬಾರಿ ಎಂಬ ಮಾತು ಅರ್ಧ ಸುಳ್ಳು, ಅರ್ಧ ನಿಜ. ಸುಳ್ಳಿನ ಪಾಲನ್ನು ಮನೆಯ ದಿನಸಿ ಚೀಟಿಯಲ್ಲೇ ತಿದ್ದಿಕೊಳ್ಳಬಹುದು. ನಿಜದ ಪಾಲನ್ನು ತಿದ್ದಬೇಕಾದವರು ಪಡಿತರ ಹಂಚುವವರು. ಇವೆರಡನ್ನು ಬೇರ್ಪಡಿಸದೆ ಬಡವರಿಗೆ ಉಪದೇಶ ಮಾಡುವುದು ಈಚೆಗೆ ಒಂದು ಚಾಳಿಯಾಗಿದೆ.

ಮೊದಲು ನಿಜದ ಪಾಲು. ಭಾರತೀಯ ವೈದ್ಯಕೀಯ ಸಂಶೋಧನಾ ಮಂಡಳಿಯ ಅಡಿಯಲ್ಲಿರುವ ಹೈದರಾಬಾದಿನ ಪೋಷಣಾ ಸಂಸ್ಥೆ 2024ರ ಮೇ ತಿಂಗಳಲ್ಲಿ ಹೊಸ ಆಹಾರ ಮಾರ್ಗಸೂಚಿ ಹೊರಡಿಸಿತು. ದಿನಕ್ಕೆ 2,000 ಕ್ಯಾಲರಿ ಬೇಕಾದವರ ತಟ್ಟೆಯಲ್ಲಿ 250 ಗ್ರಾಂ ಧಾನ್ಯ, 400 ಗ್ರಾಂ ತರಕಾರಿ ಸೊಪ್ಪು, 100 ಗ್ರಾಂ ಹಣ್ಣು, 85 ಗ್ರಾಂ ಬೇಳೆಕಾಳು ಅಥವಾ ಮೊಟ್ಟೆ ಮಾಂಸ, 35 ಗ್ರಾಂ ಎಣ್ಣೆಕಾಳು ಬೀಜಗಳು, 27 ಗ್ರಾಂ ಎಣ್ಣೆ ತುಪ್ಪ, 300 ಮಿಲಿ ಹಾಲು ಅಥವಾ ಮೊಸರು ಇರಬೇಕು ಎನ್ನುತ್ತದೆ ಅದು. ಓದಲು ಚೆಂದ. ನಾಲ್ವರ ಮನೆಗೆ ತಿಂಗಳ ಲೆಕ್ಕ ಹಾಕಿದರೆ 30 ಕೆ.ಜಿ. ಧಾನ್ಯ, 10 ಕೆ.ಜಿ. ಬೇಳೆಕಾಳು, 48 ಕೆ.ಜಿ. ತರಕಾರಿ, 12 ಕೆ.ಜಿ. ಹಣ್ಣು, ನಾಲ್ಕು ಕೆ.ಜಿ. ಶೇಂಗಾ ಎಳ್ಳಿನಂಥವು, ಮೂರು ಕೆ.ಜಿ. ಚಿಲ್ಲರೆ ಎಣ್ಣೆ, 36 ಲೀಟರ್ ಹಾಲು. ಧಾನ್ಯದಲ್ಲಿ ತಲಾ ಐದರಂತೆ 20 ಕೆ.ಜಿ. ಪಡಿತರದಿಂದ ಉಚಿತವಾಗಿ ಬಂತು ಎಂದಿಟ್ಟುಕೊಂಡು, ಉಳಿದದ್ದಕ್ಕೆಲ್ಲ ಅಗ್ಗದ ಪದಾರ್ಥವನ್ನೇ ಆರಿಸಿ (ತರಕಾರಿ ಸರಾಸರಿ 40 ರೂಪಾಯಿ, ಕಾಳು 110, ಬಾಳೆಹಣ್ಣು 50, ಶೇಂಗಾ 140, ಹಾಲು 46, ಹೀಗೆ) ಕೂಡಿದರೆ ಮೊತ್ತ ಏಳು ಸಾವಿರದ ಹತ್ತಿರ ಬಂದು ನಿಲ್ಲುತ್ತದೆ. ಮಸಾಲೆ, ಗ್ಯಾಸು ಬೇರೆ. ಊರೂರಿಗೆ ಬೆಲೆ ನೂರಿನ್ನೂರು ಹೆಚ್ಚುಕಡಿಮೆ ಆಗಬಹುದು, ಚಿತ್ರ ಬದಲಾಗುವುದಿಲ್ಲ.

ತಲೆಗೆ ದಿನಕ್ಕೆ 57 ರೂಪಾಯಿ. ಬೆಂಗಳೂರಿನ ದರ್ಶಿನಿಯಲ್ಲಿ ಈ ದುಡ್ಡಿಗೆ ಒಂದು ಮಸಾಲೆ ದೋಸೆ ಬಂದರೆ ಹೆಚ್ಚು. ಹಾಗೆ ನೋಡಿದರೆ ಅಗ್ಗವೇ. ಆದರೆ ತಿಂಗಳಿಗೆ 15 ಸಾವಿರ ತರುವ, ಅದರಲ್ಲಿ ಐದಾರು ಸಾವಿರ ಬಾಡಿಗೆ ಕಟ್ಟುವ ಮನೆಗೆ ಏಳು ಸಾವಿರ ಎಂದರೆ ಕೈಯಲ್ಲಿ ಉಳಿದದ್ದರಲ್ಲಿ ಹೆಚ್ಚುಕಡಿಮೆ ಮುಕ್ಕಾಲು ಪಾಲು ಅದೇ. ಶಾಲೆಯ ಶುಲ್ಕ, ಬಸ್ಸು, ಜ್ವರ, ಮದುವೆ ಮುಂಜಿ ಯಾವುದರಿಂದ? ಇಂಥ ಮನೆಯವರಿಗೆ ‘ನಿಮಗೆ ತಿಳಿವಳಿಕೆ ಸಾಲದು’ ಎನ್ನುವವರು ಒಮ್ಮೆ ಈ ಕೂಡುವ ಕಳೆಯುವ ಲೆಕ್ಕ ಮಾಡಿ ನೋಡಬೇಕು.

ಇನ್ನು ಸುಳ್ಳಿನ ಪಾಲು. ಇದು 25, 30 ಸಾವಿರ, ಅದಕ್ಕೂ ಮೇಲೆ ದುಡಿಯುವ ಮನೆಗಳಿಗೆ ಸಂಬಂಧಿಸಿದ್ದು. ಕೇಂದ್ರ ಸರ್ಕಾರದ 2023–24ರ ಮನೆ ಖರ್ಚಿನ ಸಮೀಕ್ಷೆಯಂತೆ ಭಾರತದ ನಗರವಾಸಿ ತಿಂಗಳಿಗೆ ಸರಾಸರಿ 6,996 ರೂಪಾಯಿ ಖರ್ಚು ಮಾಡುತ್ತಾನೆ. ಅದರಲ್ಲಿ ಶೇ 11.09ರಷ್ಟು ಹೋಗುವುದು ಪಾನೀಯ, ತಿಂಡಿ ಪೊಟ್ಟಣ ಮತ್ತು ಹೊರಗಿನ ಊಟಕ್ಕೆ. ಅಕ್ಕಿ, ಗೋಧಿ, ರಾಗಿ, ಜೋಳ ಎಲ್ಲ ಸೇರಿದ ಧಾನ್ಯಕ್ಕೆ ಹೋಗುವುದು ಶೇ 3.76 ಮಾತ್ರ. ಹಳ್ಳಿಯಲ್ಲೂ ಇದೇ ಹಾದಿ: ಪೊಟ್ಟಣ, ಪಾನೀಯಗಳಿಗೆ ಶೇ 9.84, ಧಾನ್ಯಕ್ಕೆ ಶೇ 4.99. ನಗರದ ನಾಲ್ವರ ಮನೆಗೆ ಅನ್ವಯಿಸಿದರೆ ಈ ಬಾಬಿನಲ್ಲಿ ತಿಂಗಳಿಗೆ 3,100 ರೂಪಾಯಿ ಕೈಬಿಟ್ಟು ಹೋಗುತ್ತಿದೆ. ಆಹಾರದ ಖರ್ಚಿನಲ್ಲಿ ಹಾಲನ್ನೂ ತರಕಾರಿಯನ್ನೂ ಹಿಂದಿಕ್ಕಿ ಮೊದಲ ಸ್ಥಾನಕ್ಕೆ ಬಂದಿರುವುದು ಇದೇ ಬಾಬು.

ಕಾಮತ್ ಹೋಟೆಲಿನ ಇಡ್ಲಿಯನ್ನೋ ಸಂಜೆಯ ಒಂದು ಲೋಟ ಕಾಫಿಯನ್ನೋ ದೂರುವ ಉದ್ದೇಶ ಇಲ್ಲಿಲ್ಲ. ಬಾಯಿರುಚಿ ಬಡವರಿಗೂ ಬೇಕು. ದೂರು ಇರುವುದು ಐದು ರೂಪಾಯಿ, ಹತ್ತು ರೂಪಾಯಿಯ ಪೊಟ್ಟಣಗಳ ಮೇಲೆ. ಪೆಟ್ಟಿಗೆ ಅಂಗಡಿಯ ಮುಂದೆ ತೋರಣದಂತೆ ನೇತಾಡುವ ಕುರುಕಲು, ಕ್ರೀಮ್ ಬಿಸ್ಕತ್ತು, ಬಣ್ಣದ ಜ್ಯೂಸು. ಇಬ್ಬರು ಮಕ್ಕಳಿಗೆ ದಿನಕ್ಕೆ ತಲಾ ಹತ್ತು ರೂಪಾಯಿ ಕೊಟ್ಟರೆ ತಿಂಗಳಿಗೆ 600. ಯಾರೂ ಇದನ್ನು ದಿನಸಿ ಚೀಟಿಯಲ್ಲಿ ಬರೆಯುವುದಿಲ್ಲ. ಆದ್ದರಿಂದ ಖರ್ಚಾಗಿದ್ದೂ ಗೊತ್ತಾಗುವುದಿಲ್ಲ. ಅದೇ 600ಕ್ಕೆ ಏಳು ರೂಪಾಯಿಯಂತೆ 85 ಮೊಟ್ಟೆ ಬರುತ್ತವೆ, ಅಥವಾ ಆರೂವರೆ ಕೆ.ಜಿ. ಹುರುಳಿಕಾಳು. ಹಾಲಿಗೆ ಬೆರೆಸುವ ‘ಶಕ್ತಿವರ್ಧಕ’ ಪುಡಿಗಳ ಡಬ್ಬಿಯೂ ಇದೇ ಸಾಲಿನದು. ಬೋರ್ನ್‌ವಿಟಾ ಸೇರಿದಂತೆ ಇಂಥ ಪಾನೀಯಗಳನ್ನು ‘ಆರೋಗ್ಯ ಪೇಯ’ದ ಪಟ್ಟಿಯಿಂದ ತೆಗೆಯುವಂತೆ ಕೇಂದ್ರ ವಾಣಿಜ್ಯ ಸಚಿವಾಲಯ 2024ರ ಏಪ್ರಿಲ್‌ನಲ್ಲಿ ಆನ್‌ಲೈನ್ ಮಾರಾಟ ತಾಣಗಳಿಗೆ ಸೂಚಿಸಿತು. ಆಹಾರ ಸುರಕ್ಷತೆಯ ಕಾನೂನಿನಲ್ಲಿ ಹಾಗೊಂದು ವರ್ಗವೇ ಇಲ್ಲ ಎಂಬುದು ಕಾರಣ. ಆದರೂ ಪರೀಕ್ಷೆಯ ತಿಂಗಳು ಬಂತೆಂದರೆ ಮಧ್ಯಮ ವರ್ಗದ ಅಡುಗೆಮನೆಗೆ ಡಬ್ಬಿ ಬಂದೇ ಬರುತ್ತದೆ.

ಹಣಕ್ಕೆ ತಕ್ಕ ಪೋಷಣೆ ಎಲ್ಲಿದೆ ಎಂದು ತಿಳಿಯಲು ಒಂದು ಸರಳ ಅಳತೆಗೋಲು ಸಾಕು: ಹತ್ತು ಗ್ರಾಂ ಪ್ರೋಟೀನಿಗೆ ಎಷ್ಟು ಕೊಡುತ್ತಿದ್ದೇವೆ? ಕೆ.ಜಿ.ಗೆ 90 ರೂಪಾಯಿಯ ಹುರುಳಿಯಲ್ಲಿ ನಾಲ್ಕು ರೂಪಾಯಿ. ತೊಗರಿಬೇಳೆ 120 ಇದ್ದರೆ ಐದೂವರೆ. ಶೇಂಗಾ ಹೆಚ್ಚುಕಡಿಮೆ ಆರು. ಮೊಟ್ಟೆ ಹನ್ನೊಂದು, ಹಾಲು ಹದಿನಾಲ್ಕು. ಪನೀರು ಇಪ್ಪತ್ತು ದಾಟುತ್ತದೆ. ಬಾದಾಮಿಗೆ ನಲವತ್ತು ಮೀರುತ್ತದೆ. ಹೀಗೆ ಸಾಲಾಗಿ ನಿಲ್ಲಿಸಿದ ಮೇಲೆ, ಸಭೆ ಸಮಾರಂಭಗಳಲ್ಲಿ ಗೌರವ ಪಡೆಯುವ ಪದಾರ್ಥವೆಲ್ಲ ಕೊನೆಯಲ್ಲಿ, ಎತ್ತಿಗೆ ಬೇಯಿಸಿ ಹಾಕುತ್ತಿದ್ದ ಕಾಳು ಮೊದಲಲ್ಲಿ ಬಂದು ನಿಲ್ಲುತ್ತದೆ.

ಈ ಅಳತೆಗೋಲಿಗೂ ಮಿತಿಯಿದೆ. ಕಾಳಿನ ಪ್ರೋಟೀನು ಒಂಟಿಯಾಗಿ ಅಪೂರ್ಣ. ಧಾನ್ಯದಲ್ಲಿ ಕೊರತೆಯಾಗುವ ಲೈಸಿನ್ ಎಂಬ ಪ್ರೋಟೀನಿನ ಅಂಶ ಕಾಳಿನಲ್ಲಿದೆ, ಕಾಳಿನಲ್ಲಿ ಕಡಿಮೆಯಿರುವುದು ಧಾನ್ಯದಲ್ಲಿದೆ. ಮುದ್ದೆ–ಸಾರು, ರೊಟ್ಟಿ–ಮಡಕಿಕಾಳು, ಇಡ್ಲಿಯೊಳಗಿನ ಉದ್ದು ಇವೆಲ್ಲ ಆ ಜೋಡಿಯೇ. ಬಿ12 ಜೀವಸತ್ವವಂತೂ ಸಸ್ಯಮೂಲದ ಆಹಾರದಲ್ಲಿ ಸಿಗುವುದೇ ಇಲ್ಲ. ಆದ್ದರಿಂದ ಹಾಲು, ಮೊಸರು ಬಿಟ್ಟುಬಿಡಿ ಎನ್ನುವ ಉಳಿತಾಯ ಸಲ್ಲದು. ಮೊಟ್ಟೆ ತಿನ್ನುವವರಿಗೆ ಹನ್ನೊಂದು ರೂಪಾಯಿ ಹೆಚ್ಚೂ ಅಲ್ಲ. ಕರಾವಳಿಯವರಿಗೆ ಇನ್ನೊಂದು ಅನುಕೂಲ: ಋತುವಿನಲ್ಲಿ ಬೂತಾಯಿ, ಬಂಗುಡೆಗಳು ಅಂಜಲ್, ಪಾಂಫ್ರೆಟ್‌ಗಳ ಬೆಲೆಯ ಒಂದು ಪಾಲಿಗೇ ಸಿಗುತ್ತವೆ, ಹೃದಯಕ್ಕೆ ಒಳ್ಳೆಯದೆಂದು ವೈದ್ಯರು ಹೇಳುವ ಮೀನೆಣ್ಣೆಯ ಕೊಬ್ಬು ಈ ಸಣ್ಣ ಮೀನುಗಳಲ್ಲೇ ಧಾರಾಳ. ಬೂತಾಯಿ ಪುಳಿಮುಂಚಿಯನ್ನು ಬಡವರ ಊಟ ಎಂದವರು ಕ್ಯಾಪ್ಸೂಲಿಗೆ ದುಡ್ಡು ಕೊಡುತ್ತಿದ್ದಾರೆ.

ಹಳೆಯ ಮೈಸೂರು ಸೀಮೆಯ ಬಸ್ಸಾರನ್ನು ಒಂದು ಗಳಿಗೆ ವಿವರವಾಗಿ ನೋಡಬೇಕು. ಅದು ರುಚಿಯಷ್ಟೇ ಅಲ್ಲ, ಒಂದು ಅರ್ಥಶಾಸ್ತ್ರ. ಹುರುಳಿಯನ್ನೋ ಅಲಸಂದೆಯನ್ನೋ ಹೆಸರುಕಾಳನ್ನೋ ಬೇಯಿಸಿ, ಅದಕ್ಕೆ ದಂಟು, ಕೀರೆ, ಸಬ್ಬಸಿಗೆ, ನುಗ್ಗೆ, ಯಾವ ಸೊಪ್ಪು ಕೈಗೆ ಸಿಕ್ಕಿತೋ ಅದನ್ನು ಸೇರಿಸಿ, ಬೆಂದ ಮೇಲೆ ಕಟ್ಟನ್ನು ಬಸಿಯುತ್ತಾರೆ. ಬಸಿದ ಕಟ್ಟಿಗೆ ಹುರಿದ ಈರುಳ್ಳಿ, ಬೆಳ್ಳುಳ್ಳಿ, ಮೆಣಸು, ಜೀರಿಗೆ, ಹುಣಸೆಹಣ್ಣು ಅರೆದು ಹಾಕಿದರೆ ಸಾರು. ಉಳಿದ ಕಾಳುಸೊಪ್ಪಿಗೆ ಒಗ್ಗರಣೆ ಕೊಟ್ಟು ಕಾಯಿ ಉದುರಿಸಿದರೆ ಪಲ್ಯ. ಒಂದು ಪಾತ್ರೆ, ಒಂದು ಒಲೆ, ಎರಡು ಅಡುಗೆ. ನೀರಿಗಿಳಿದ ಜೀವಸತ್ವ, ಖನಿಜ ಚರಂಡಿಗೆ ಹೋಗುವುದಿಲ್ಲ, ತಟ್ಟೆಗೇ ಬರುತ್ತದೆ. ನಾಲ್ವರಿಗೆ ಕಾಲು ಕೆ.ಜಿ. ಕಾಳು, ಎರಡು ಕಟ್ಟು ಸೊಪ್ಪು. ಎಪ್ಪತ್ತು ರೂಪಾಯಿಯ ಒಳಗೆ ಹೊತ್ತು ಕಳೆಯುತ್ತದೆ. ಮಂಡ್ಯದ ಉಪ್ಸಾರು, ಕೋಲಾರದ ಬೆರಕೆಸೊಪ್ಪಿನ ಮಸ್ಸೊಪ್ಪು ಇದರ ಅಕ್ಕತಂಗಿಯರು.

ಉತ್ತರ ಕರ್ನಾಟಕದ ತಟ್ಟೆ ಇನ್ನೊಂದು ಬಗೆಯಲ್ಲಿ ಜಾಣ. ಜೋಳದ ರೊಟ್ಟಿಯ ಮಗ್ಗುಲಿಗೆ ಪುಂಡಿಪಲ್ಯ, ಹಸಿ ಮೆಂತೆ ಎಸಳು, ಮೂಲಂಗಿ, ಸೌತೆಕಾಯಿ, ಜತೆಗೆ ಶೇಂಗಾ ಹಿಂಡಿ, ಗುರೆಳ್ಳು ಹಿಂಡಿ, ಅಗಸಿ ಹಿಂಡಿ. ಮಾರ್ಗಸೂಚಿಯವರು 35 ಗ್ರಾಂ ಬೀಜ ತಿನ್ನಿ ಎಂದಾಗ ನಗರದವರ ಕಣ್ಣಿಗೆ ಗೋಡಂಬಿ ಕಾಣುತ್ತದೆ. ವಿಜಯಪುರದ ಅಜ್ಜಿಗೆ ಅದು ನಿತ್ಯದ ಎರಡು ಚಮಚ ಚಟ್ನಿಪುಡಿ. ಮಲೆನಾಡಿನ ಒಂದೆಲಗ, ದೊಡ್ಡಪತ್ರೆಯ ತಂಬುಳಿ, ಕರಾವಳಿಯ ಬಸಳೆ–ಹೆಸರುಕಾಳಿನ ಗಸಿ ಇವೂ ದುಡ್ಡು ಬೇಡದ ಪೋಷಣೆಯೇ. ಹಾಗೆಂದು ಹಿಂದಿನವರ ಊಟವೆಲ್ಲ ಅಮೃತವಾಗಿತ್ತು ಎಂದು ಬೀಗುವಂತಿಲ್ಲ. ಆಗಿನ ಬಡ ತಟ್ಟೆಯಲ್ಲಿ ಎಷ್ಟೋ ದಿನ ಮುದ್ದೆಯ ಜತೆ ಇದ್ದದ್ದು ಉಪ್ಪು ಮೆಣಸಿನಕಾಯಿಯಷ್ಟೇ, ಕಾಳು ಬಿತ್ತನೆಗೂ ಸಾಲಕ್ಕೂ ಹೋಗುತ್ತಿತ್ತು. ಅಡುಗೆಯ ಕ್ರಮ ಜಾಣತನದ್ದು, ಅದಕ್ಕೆ ಬೇಕಾದ ಸಾಮಾನು ಎಲ್ಲರ ಮನೆಯಲ್ಲಿ ಇರಲಿಲ್ಲ.

ರಾಗಿಯ ವಿಚಾರದಲ್ಲಿ ಈಗ ಒಂದು ತಮಾಷೆ ನಡೆದಿದೆ. ಕನಕದಾಸರ ‘ರಾಮಧಾನ್ಯ ಚರಿತೆ’ಯಲ್ಲಿ ಅಕ್ಕಿಗೂ ರಾಗಿಗೂ ಯಾರು ಮೇಲು ಎಂಬ ಜಗಳ ಬಂದು, ರಾಮ ಎರಡನ್ನೂ ಆರು ತಿಂಗಳು ಸೆರೆಯಲ್ಲಿಡಿಸುತ್ತಾನೆ. ಅಕ್ಕಿ ಸೊರಗುತ್ತದೆ, ರಾಗಿ ಗಟ್ಟಿಯಾಗಿ ಉಳಿಯುತ್ತದೆ. ಹುಳು ಹತ್ತದೆ ವರ್ಷಗಟ್ಟಲೆ ಹಗೇವಿನಲ್ಲಿ ಕೂರಬಲ್ಲ ಧಾನ್ಯದ ಗುಣ ಕವಿಗೆ ಗೊತ್ತಿತ್ತು. ನೂರು ಗ್ರಾಂ ರಾಗಿಯಲ್ಲಿ 350 ಮಿಲಿಗ್ರಾಂ ಸುಮಾರಿಗೆ ಸುಣ್ಣದಂಶವಿದೆ, ಅಷ್ಟೇ ತೂಕದ ಬಿಳಿ ಅಕ್ಕಿಯಲ್ಲಿ ಹತ್ತೂ ಇಲ್ಲ. 2023ನ್ನು ವಿಶ್ವಸಂಸ್ಥೆ ಸಿರಿಧಾನ್ಯ ವರ್ಷವೆಂದು ಘೋಷಿಸಿದ ಮೇಲೆ ನವಣೆ, ಸಾಮೆ, ಹಾರಕ, ಕೊರಲೆಗಳು ಮಾಲ್‌ಗಳ ಕಪಾಟು ಏರಿದವು. ರಾಗಿಯ ಎರಡು ಮೂರು ಪಟ್ಟು ಬೆಲೆ. ರೈತರಿಗೆ ದುಡ್ಡು ಸೇರುವುದಾದರೆ ಒಳ್ಳೆಯದೇ. ಆದರೆ ಬಜೆಟ್ ನೋಡಿಕೊಳ್ಳುವ ಮನೆ ಆ ಕಪಾಟಿನ ಮುಂದೆ ನಿಂತು ಕೊರಗಬೇಕಿಲ್ಲ. ಕೆ.ಜಿ.ಗೆ 45, 50 ರೂಪಾಯಿಯ ರಾಗಿ, ಜೋಳ ಅದೇ ಕೆಲಸವನ್ನು ಮಾಡುತ್ತವೆ. ರಾಗಿ ಬಿಸ್ಕತ್ತು ಮಾತ್ರ ಆ ಲೆಕ್ಕಕ್ಕೆ ಬರುವುದಿಲ್ಲ, ಹೆಸರು ರಾಗಿಯದು, ಹೊಟ್ಟೆಯೊಳಗೆ ಮೈದಾ ಸಕ್ಕರೆ. ಪೊಟ್ಟಣದ ಹಿಂಬದಿಯ ಸಣ್ಣ ಅಕ್ಷರ ಓದಿದರೆ ರಾಗಿ ಎಷ್ಟನೆಯದಾಗಿ ಬರುತ್ತದೆ ಎಂದು ಗೊತ್ತಾಗುತ್ತದೆ.

ತರಕಾರಿಯ ಖರ್ಚೇ ಮನೆಯ ಲೆಕ್ಕವನ್ನು ಹೆಚ್ಚು ಅಲುಗಾಡಿಸುವುದು. 2023ರ ಜುಲೈಯಲ್ಲಿ ಕೋಲಾರದ ಎಪಿಎಂಸಿಯಲ್ಲಿ 15 ಕೆ.ಜಿ.ಯ ಟೊಮೆಟೊ ಬಾಕ್ಸ್ ಎರಡು ಸಾವಿರ ರೂಪಾಯಿ ದಾಟಿತು. ಬೆಂಗಳೂರಿನ ಚಿಲ್ಲರೆ ಅಂಗಡಿಯಲ್ಲಿ ಕೆ.ಜಿ.ಗೆ ನೂರಕ್ಕೂ ಹೆಚ್ಚು. ಬೆಲೆ ಬಿದ್ದ ವರ್ಷಗಳಲ್ಲಿ ಅದೇ ಸೀಮೆಯ ರೈತರು ಅದೇ ಹಣ್ಣನ್ನು ರಸ್ತೆಗೆ ಸುರಿದಿದ್ದೂ ಉಂಟು. ಟೊಮೆಟೊ ಇಲ್ಲದೆ ಸಾರು ಕುದಿಯುವುದೇ ಇಲ್ಲ ಎಂಬ ಅಭ್ಯಾಸ ಎರಡು ಮೂರು ತಲೆಮಾರಿನದು ಮಾತ್ರ. ಹುಣಸೆ, ಮಾವಿನಕಾಯಿ, ಅಮಟೆಕಾಯಿ, ನಿಂಬೆ ಹುಳಿಗೇನು ಬರಗಾಲ? ಋತುವಿನ ತರಕಾರಿ ಎಂಬ ಬುದ್ಧಿವಾದ ಹಳತು ನಿಜ, ಆದರೆ ಡಿಸೆಂಬರ್‌–ಜನವರಿಯಲ್ಲಿ ಮಾಗಡಿಯ ಅವರೆಕಾಯಿ ಬೆಂಗಳೂರಿಗೆ ರಾಶಿ ರಾಶಿ ಇಳಿಯುವಾಗಲೂ ಫ್ರೋಜನ್ ಬಟಾಣಿ ಕೊಳ್ಳುವವರಿಗೆ ಅದನ್ನು ಮತ್ತೆ ಹೇಳಲೇಬೇಕಾಗುತ್ತದೆ. ಮೂಲಂಗಿಯ ಸೊಪ್ಪು, ಬೀಟ್‌ರೂಟ್ ಸೊಪ್ಪು, ಹೂಕೋಸಿನ ಎಳೆ ಎಲೆಗಳನ್ನು ಅಂಗಡಿಯಲ್ಲೇ ಮುರಿದು ಎಸೆದು ಬರುವವರೂ ಇದ್ದಾರೆ. ದುಡ್ಡು ಕೊಟ್ಟದ್ದರಲ್ಲಿ ಹೆಚ್ಚು ಪೋಷಕಾಂಶ ಇದ್ದ ಭಾಗವನ್ನೇ ಅವರು ಹಸುವಿಗೆ ದಾನ ಮಾಡಿರುತ್ತಾರೆ.

ಹಣ್ಣಿನಲ್ಲೂ ಹೀಗೆಯೇ. ರೋಗಿಯನ್ನು ನೋಡಲು ಹೋಗುವವರ ಕೈಯಲ್ಲಿ ಸೇಬು ಇರಲೇಬೇಕು, ಸೀಬೆಹಣ್ಣು ಒಯ್ದರೆ ಮರ್ಯಾದೆ ಹೋದೀತು. ನೂರು ಗ್ರಾಂ ಸೀಬೆಯಲ್ಲಿ 200 ಮಿಲಿಗ್ರಾಂಗೂ ಹೆಚ್ಚು ಸಿ ಜೀವಸತ್ವವಿದೆ, ಸೇಬಿನಲ್ಲಿ ಐದರ ಸುತ್ತಮುತ್ತ.

ಒಂದು ಪೈಸೆ ಖರ್ಚಿಲ್ಲದ ಬದಲಾವಣೆಗಳೂ ಕೆಲವಿವೆ. ಸಸ್ಯಾಹಾರದ ಕಬ್ಬಿಣಾಂಶ ದೇಹಕ್ಕೆ ಸುಲಭವಾಗಿ ಹತ್ತುವುದಿಲ್ಲ, ಸಿ ಜೀವಸತ್ವ ಜತೆಗಿದ್ದರೆ ಹತ್ತುತ್ತದೆ. ಸೊಪ್ಪಿನ ಪಲ್ಯಕ್ಕೆ, ಕೋಸಂಬರಿಗೆ ನಿಂಬೆರಸ ಹಿಂಡುವುದರ ಹಿಂದಿನ ಗುಟ್ಟು ಇದು. ಊಟ ಮುಗಿದ ಕೂಡಲೇ ಕುಡಿಯುವ ಚಹಾ, ಕಾಫಿ ಇದಕ್ಕೆ ಅಡ್ಡಗಾಲು ಹಾಕುತ್ತವೆ, ಒಂದು ತಾಸು ಬಿಟ್ಟು ಕುಡಿದರೆ ನಷ್ಟವಿಲ್ಲ. ಹೆಸರುಕಾಳು, ಹುರುಳಿಯನ್ನು ಮೊಳಕೆ ಕಟ್ಟಿದರೆ ಕಬ್ಬಿಣವನ್ನು ಹಿಡಿದಿಟ್ಟುಕೊಳ್ಳುವ ಫೈಟೇಟ್ ಕಡಿಮೆಯಾಗಿ ಸಿ ಜೀವಸತ್ವ ಹುಟ್ಟಿಕೊಳ್ಳುತ್ತದೆ. ದಿನಕ್ಕೆ ಐದು ಗ್ರಾಂ ಉಪ್ಪು ಸಾಕು ಎನ್ನುವ ಮಾರ್ಗಸೂಚಿಯನ್ನು ಪಾಲಿಸಲು ಉಪ್ಪಿನಕಾಯಿ, ಹಪ್ಪಳದ ಮೇಲೆ ಕೈ ಬಿಗಿ ಮಾಡಿದರಾಯಿತು.

ಇಷ್ಟೆಲ್ಲ ಸುಲಭವಾಗಿದ್ದರೆ ಜನ ಯಾಕೆ ಮಾಡುತ್ತಿಲ್ಲ? ಉತ್ತರ ಸೋಮಾರಿತನವಲ್ಲ. ಬೆಂಗಳೂರಿನ ಪೀಣ್ಯದ, ಮೈಸೂರು ರಸ್ತೆಯ ಗಾರ್ಮೆಂಟ್ಸ್‌ಗಳಿಗೆ ಬೆಳಗ್ಗೆ ಪಾಳಿ ಹಿಡಿಯುವ ಹೆಂಗಸರನ್ನು ನೆನೆಯಿರಿ. ಬೆಳಕು ಹರಿಯುವ ಮುನ್ನ ನೀರು ಹಿಡಿದು, ಮಕ್ಕಳನ್ನು ಎಬ್ಬಿಸಿ, ಎರಡು ಹೊತ್ತಿನ ಡಬ್ಬಿ ಕಟ್ಟಿ ಬಸ್ಸು ಹಿಡಿಯಬೇಕು. ಆ ಹೊತ್ತಿಗೆ ಚಿತ್ರಾನ್ನ ಇಪ್ಪತ್ತು ನಿಮಿಷದಲ್ಲಿ ಆಗುತ್ತದೆ. ಬಸ್ಸಾರಿಗೆ ಕಾಳು ನೆನೆಯಬೇಕು, ಸೊಪ್ಪು ಬಿಡಿಸಬೇಕು, ಮೂರು ನೀರಿನಲ್ಲಿ ತೊಳೆಯಬೇಕು, ಮಸಾಲೆ ಅರೆಯಬೇಕು. ಅಗ್ಗದ ಪೋಷಣೆಯ ನಿಜವಾದ ಬೆಲೆ ದುಡ್ಡಿನಲ್ಲಿಲ್ಲ, ಹೆಂಗಸಿನ ಹೊತ್ತಿನಲ್ಲಿದೆ. ಆ ಬೆಲೆಯನ್ನು ಯಾವ ಆಹಾರ ತಜ್ಞರೂ ಲೆಕ್ಕಕ್ಕೆ ಹಿಡಿಯುವುದಿಲ್ಲ. 2024ರ ರಾಷ್ಟ್ರೀಯ ಸಮಯ ಬಳಕೆ ಸಮೀಕ್ಷೆಯಲ್ಲಿ ಮನೆಗೆಲಸ ಮಾಡುವ ಹೆಂಗಸರು ಅದಕ್ಕೆ ದಿನಕ್ಕೆ 289 ನಿಮಿಷ ಕೊಟ್ಟರೆ, ಮಾಡುವ ಗಂಡಸರು ಕೊಟ್ಟದ್ದು 88 ನಿಮಿಷ. ಮಾಡದ ಗಂಡಸರು ಈ ಸರಾಸರಿಯಲ್ಲಿ ಸೇರಿಯೇ ಇಲ್ಲ. ರಾತ್ರಿ ಟಿ.ವಿ. ಮುಂದೆ ಕೂತು ನಾಳೆಯ ಸೊಪ್ಪು ಬಿಡಿಸಿಡುವುದು, ಕಾಳು ನೆನೆಹಾಕುವುದು, ಕುಕ್ಕರ್ ಕೂಗಿಸುವುದು ಮೀಸೆ ಹೊತ್ತವರಿಗೆ ಬಾರದ ವಿದ್ಯೆಯೇನಲ್ಲ. ಮನೆಯ ಆಹಾರದ ಬಜೆಟ್ಟಿನ ಬಗ್ಗೆ ಭಾಷಣ ಬಿಗಿಯುವ ಯಜಮಾನರು ಇಲ್ಲಿಂದ ಶುರುಮಾಡಬಹುದು.

ಸಮಯವೂ ದುಡ್ಡೂ ಇಲ್ಲದ ಮನೆಗಳಿಗೆ ಆಸರೆಯಾಗುವುದು ಸಾರ್ವಜನಿಕ ಅಡುಗೆಮನೆಗಳೇ. ಈ ವಿಷಯದಲ್ಲಿ ಕರ್ನಾಟಕ ಹಿಂದೆ ಬಿದ್ದಿಲ್ಲ ಎಂಬುದನ್ನು ಒಪ್ಪಬೇಕು. 2013ರ ಆಗಸ್ಟ್‌ನಲ್ಲಿ ಶುರುವಾದ ಕ್ಷೀರಭಾಗ್ಯ, 2017ರ ಆಗಸ್ಟ್‌ನಲ್ಲಿ ಐದು ರೂಪಾಯಿಗೆ ತಿಂಡಿ, ಹತ್ತು ರೂಪಾಯಿಗೆ ಊಟ ಕೊಡಲು ತೆರೆದ ಇಂದಿರಾ ಕ್ಯಾಂಟೀನ್, ಅದೇ ವರ್ಷ ಅಕ್ಟೋಬರ್‌ನಲ್ಲಿ ಗರ್ಭಿಣಿ, ಬಾಣಂತಿಯರಿಗೆ ಅಂಗನವಾಡಿಯಲ್ಲೇ ಬಿಸಿಯೂಟ ಬಡಿಸಿದ ಮಾತೃಪೂರ್ಣ ಇವೆಲ್ಲ ತಟ್ಟೆಗೆ ನೇರವಾಗಿ ತಲುಪಿದವು. ಶಾಲೆಯ ಮೊಟ್ಟೆಯ ವಿಚಾರಕ್ಕೆ ದೊಡ್ಡ ಗಲಾಟೆಯೇ ಆಯಿತು. 2021ರ ಡಿಸೆಂಬರ್‌ನಲ್ಲಿ ಕಲ್ಯಾಣ ಕರ್ನಾಟಕದ ಜಿಲ್ಲೆಗಳಲ್ಲಿ ಕೊಡತೊಡಗಿದಾಗ ಕೆಲವು ಮಠಾಧೀಶರು ವಿರೋಧಿಸಿದರು. ಮಕ್ಕಳು ಮಾತ್ರ ತಿಂದರು. ಬಾಳೆಹಣ್ಣು ಬೇಕೆಂದವರಿಗೆ ಬಾಳೆಹಣ್ಣು ಇದ್ದೇ ಇತ್ತು. ಅಜೀಂ ಪ್ರೇಮ್‌ಜಿ ಪ್ರತಿಷ್ಠಾನ 2024ರಲ್ಲಿ ಕೈಜೋಡಿಸಿದ ಮೇಲೆ ಮೊಟ್ಟೆ ವಾರಕ್ಕೆ ಆರು ದಿನವಾಯಿತು. ಮನೆಯಲ್ಲಿ ಮೊಟ್ಟೆ ಕೊಳ್ಳಲಾಗದ ತಾಯಿಗೆ ತಿಂಗಳಿಗೆ ಮಗುವೊಂದಕ್ಕೆ 150 ರೂಪಾಯಿಗೂ ಹೆಚ್ಚಿನ ಆಹಾರ ಶಾಲೆಯಲ್ಲೇ ಸಿಕ್ಕಂತಾಯಿತು.

ಎಡವಿರುವುದು ಪಡಿತರದಲ್ಲಿ. 2013ರ ಜುಲೈಯಲ್ಲಿ ಬಂದ ಅನ್ನಭಾಗ್ಯ ಹಸಿವಿನ ವಿರುದ್ಧ ಮಾಡಿದ ಕೆಲಸ ದೊಡ್ಡದು, ಕೂಲಿಯವರು ಊಟಕ್ಕಾಗಿ ಜಮೀನ್ದಾರರ ಮುಖ ನೋಡುವುದು ತಪ್ಪಿತು. ಆದರೆ ಯೋಜನೆ ಬಹುಪಾಲು ಧಾನ್ಯದಲ್ಲೇ ನಿಂತುಬಿಟ್ಟಿತು. ದಕ್ಷಿಣದ ಜಿಲ್ಲೆಗಳಲ್ಲಿ ರಾಗಿ, ಉತ್ತರದಲ್ಲಿ ಜೋಳ ಸೇರಿಸಿದ್ದು ಒಳ್ಳೆಯ ತಿದ್ದುಪಡಿ. 2023ರ ಚುನಾವಣೆಯ ಭರವಸೆಯಂತೆ ಹೆಚ್ಚುವರಿ ಐದು ಕೆ.ಜಿ.ಗೆ ಅಕ್ಕಿ ಸಿಗದಿದ್ದಾಗ ಸರ್ಕಾರ ತಲಾ 170 ರೂಪಾಯಿ ಖಾತೆಗೆ ಹಾಕಿತು, 2025ರ ಆರಂಭದಿಂದ ಮತ್ತೆ ಅಕ್ಕಿಯನ್ನೇ ಕೊಡತೊಡಗಿತು. ತಲಾ ಹತ್ತು ಕೆ.ಜಿ. ಎಂದರೆ ನಾಲ್ವರಿಗೆ ನಲವತ್ತು. ಪೋಷಣಾ ಸಂಸ್ಥೆಯ ತಟ್ಟೆ ಕೇಳುವುದು ಎಲ್ಲ ಧಾನ್ಯ ಸೇರಿ ಮೂವತ್ತು. ಬೇಕಾದ್ದಕ್ಕಿಂತ ಹತ್ತು ಕೆ.ಜಿ. ಹೆಚ್ಚು ಅಕ್ಕಿ, ಒಂದು ಹಿಡಿ ಬೇಳೆಯಿರಲಿಲ್ಲ. ಉಳಿದ ಅಕ್ಕಿ ಕಾಳಸಂತೆಗೆ ಹೋಗುತ್ತಿದೆ ಎಂದು ಅಧಿಕಾರಿಗಳು ಜನರನ್ನು ದೂರಿದರು. ಆ ಅಕ್ಕಿ ಮಾರಿ ಬಂದ ದುಡ್ಡಲ್ಲಿ ಜನ ಬೇಳೆ, ಎಣ್ಣೆ ಕೊಂಡಿದ್ದರೆ ಅವರು ಸರ್ಕಾರಕ್ಕಿಂತ ಒಳ್ಳೆಯ ಪೋಷಣಾ ತಜ್ಞರು.

2025ರ ಅಕ್ಟೋಬರ್‌ನಲ್ಲಿ ಸಚಿವ ಸಂಪುಟ ಹೆಚ್ಚುವರಿ ಅಕ್ಕಿಯ ಬದಲು ಬೇಳೆ, ಅಡುಗೆ ಎಣ್ಣೆ, ಸಕ್ಕರೆ, ಉಪ್ಪು ಇರುವ ‘ಇಂದಿರಾ ಆಹಾರ ಕಿಟ್’ ಕೊಡಲು ತೀರ್ಮಾನಿಸಿದ್ದು ತಡವಾಗಿ ಬಂದ ವಿವೇಕ. ಪಕ್ಕದ ತಮಿಳುನಾಡು 2007ರಿಂದಲೇ ವಿಶೇಷ ಪಡಿತರದಲ್ಲಿ ತೊಗರಿಬೇಳೆಯನ್ನು ರಿಯಾಯಿತಿ ದರದಲ್ಲಿ ಕೊಡುತ್ತಿದೆ. ನಮ್ಮಲ್ಲಿ ಬೇಳೆಗೆ ಬರ ಇದ್ದಿದ್ದರೆ ಬೇರೆ ಮಾತು. ದೇಶದ ದೊಡ್ಡ ತೊಗರಿ ಸೀಮೆಗಳಲ್ಲೊಂದಾದ ಕಲಬುರಗಿ ನಮ್ಮಲ್ಲೇ ಇದೆ, ಅಲ್ಲಿನ ತೊಗರಿಗೆ 2019ರಲ್ಲಿ ಭೌಗೋಳಿಕ ಗುರುತೂ ಸಿಕ್ಕಿದೆ. ಬೆಲೆ ಕುಸಿದ ವರ್ಷ ಅಲ್ಲಿನ ರೈತರು ಬೆಂಬಲ ಬೆಲೆಯ ಖರೀದಿ ಕೇಂದ್ರ ತೆರೆಯಿರಿ ಎಂದು ಧರಣಿ ಕೂರುತ್ತಾರೆ. ಏರಿದ ವರ್ಷ ಚಾಮರಾಜನಗರದ ಕೂಲಿಯವರ ಸಾರಿನಲ್ಲಿ ಬೇಳೆ ತೇಲುವುದಿಲ್ಲ. 2025–26ಕ್ಕೆ ತೊಗರಿಯ ಬೆಂಬಲ ಬೆಲೆ ಕ್ವಿಂಟಲಿಗೆ 8,000 ರೂಪಾಯಿ. ಆ ದರದಲ್ಲಿ ರಾಜ್ಯವೇ ಕೊಂಡು, ಬೇಳೆ ಮಾಡಿಸಿ, ನ್ಯಾಯಬೆಲೆ ಅಂಗಡಿಗೆ ಕಳಿಸಿದರೆ ಎರಡೂ ಕಡೆಯ ತಕರಾರು ಒಟ್ಟಿಗೇ ತಗ್ಗುತ್ತದೆ. ದಕ್ಷಿಣದಲ್ಲಿ ರಾಗಿಯನ್ನು ಬೆಂಬಲ ಬೆಲೆಗೆ ಕೊಂಡು ಪಡಿತರದಲ್ಲಿ ಹಂಚುವ ವ್ಯವಸ್ಥೆ ಈಗಾಗಲೇ ನಡೆಯುತ್ತಿರುವುದರಿಂದ ದಾರಿ ಹೊಸದೇನೂ ಅಲ್ಲ.

ಕಿಟ್ಟಿನಲ್ಲಿ ಸಕ್ಕರೆಗೆ ಏಕೆ ಜಾಗ ಎಂಬುದು ಇನ್ನೊಂದು ಪ್ರಶ್ನೆ. ಸಕ್ಕರೆ ಕಾಯಿಲೆಯ ಮಾತ್ರೆಯನ್ನೂ ಸರ್ಕಾರಿ ಆಸ್ಪತ್ರೆಯಿಂದ ಅದೇ ಮನೆಗೆ ಸರ್ಕಾರವೇ ಕೊಡಬೇಕಾಗಿ ಬರುತ್ತದೆ. ಸಕ್ಕರೆಯನ್ನು ಕೈಬಿಟ್ಟರೆ ಒಂದು ಕೆ.ಜಿ.ಗೆ ಉಳಿಯುವ ಸುಮಾರು 45 ರೂಪಾಯಿಯಲ್ಲಿ ಅರ್ಧ ಕೆ.ಜಿ. ಹುರುಳಿ ಬರುತ್ತದೆ. ಉತ್ತರದ ಜಿಲ್ಲೆಗಳಿಗಾದರೆ ಅದರ ಬದಲು ಮುನ್ನೂರು ಗ್ರಾಂ ಶೇಂಗಾ. ನಾಲ್ವರಿಗೆ ತಿಂಗಳಿಗೆ ಬೇಕಾದ ಹತ್ತು ಕೆ.ಜಿ. ಕಾಳಿನಲ್ಲಿ ಒಂದೆರಡು ಕೆ.ಜಿ.ಯಷ್ಟೇ ಕಿಟ್ಟಿನಿಂದ ಬಂದರೂ ಉಳಿದದ್ದನ್ನು ಕೊಳ್ಳಲು ಮನೆಗೆ ನೂರಿನ್ನೂರು ರೂಪಾಯಿ ಮಿಗುತ್ತದೆ. ಮುಂದಿನ ಬಜೆಟ್ಟಿನಲ್ಲಿ ಆಹಾರ ಇಲಾಖೆಯವರು ಕೂಡಿಸಬೇಕಾದ ಲೆಕ್ಕ ಇದು.